ಆಲಿಕಲ್ಲಿಗೆ ಚಾವಣಿ ಹೋದರೆ: ಟೆಕ್ಸಾಸ್‌ನಲ್ಲಿ ಮನೆ ಇನ್ಶೂರೆನ್ಸ್ ಹಣ ಕೈಗೆ ಬರುವ ಬಗೆ

ಮಾರ್ಚ್‌ನಿಂದ ಜೂನ್‌ವರೆಗೆ ಉತ್ತರ ಟೆಕ್ಸಾಸ್‌ನಲ್ಲಿ ಆಲಿಕಲ್ಲು ಮಳೆಯ ಕಾಲ. ಫ್ರಿಸ್ಕೊ, ಪ್ಲೇನೊ, ಮೆಕಿನ್ನಿ, ಇರ್ವಿಂಗ್ ಕಡೆ ಸ್ವಂತ ಮನೆ ಮಾಡಿಕೊಂಡ ಕನ್ನಡಿಗರು ಬಹಳ ಮಂದಿ ಇದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಈ ವಿಷಯ ಮೊದಲ ಸಲ ಎದುರಾಗುವುದು ದೊಡ್ಡ ಮಳೆಯ ಮರುದಿನ, ಏಣಿ ಹೊತ್ತ ಟ್ರಕ್ಕಿನವರು ಬಾಗಿಲು ತಟ್ಟಿ ‘ಇನ್ಶೂರೆನ್ಸ್‌ನಲ್ಲಿ ಹೊಸ ರೂಫ್ ಹಾಕಿಸಿಕೊಡ್ತೀವಿ, ಇಲ್ಲಿ ಸಹಿ ಹಾಕಿ’ ಎಂದಾಗ. ಆ ಸಹಿಗೆ ಮುಂಚೆ ಗೊತ್ತಿರಬೇಕಾದ ಸಂಗತಿಗಳು ಇಲ್ಲಿವೆ. ಲೇಖನ ಟೆಕ್ಸಾಸ್‌ನ ಕಾನೂನನ್ನು ಆಧರಿಸಿದೆ. ಬೇರೆ ರಾಜ್ಯಗಳಲ್ಲಿ ಗಡುವು, ದಂಡ, ಶುಲ್ಕದ ಮಿತಿಗಳು ಬೇರೆ ಇರುತ್ತವೆ.

ಈ ಚಾವಣಿಗೆ ಏನಾಗುತ್ತದೆ

ಆರ್‌ಸಿಸಿ ತಾರಸಿಯ ಮನೆಯಲ್ಲಿ ಬೆಳೆದವರಿಗೆ ಚಾವಣಿಯನ್ನೇ ಬದಲಾಯಿಸುವ ಮಾತು ವಿಚಿತ್ರ ಅನ್ನಿಸಬಹುದು. ಅಮೆರಿಕದ ಬಹುಪಾಲು ಮನೆಗಳ ಚಾವಣಿ ಪದರ ಪದರವಾಗಿರುತ್ತದೆ. ಕೆಳಗೆ ಮರದ ಹಲಗೆಯ ಡೆಕಿಂಗ್, ಅದರ ಮೇಲೆ ನೀರು ತಡೆಯುವ ಅಂಡರ್‌ಲೇಮೆಂಟ್, ಎಲ್ಲಕ್ಕಿಂತ ಮೇಲೆ ಡಾಂಬರಿನ ಶಿಂಗಲ್. ಶಿಂಗಲ್ ಅಂದರೆ ಫೈಬರ್‌ಗ್ಲಾಸ್ ಹಾಳೆಗೆ ಡಾಂಬರು ಲೇಪಿಸಿ, ಮೇಲೆ ಸಣ್ಣ ಕಲ್ಲಿನ ಹರಳು ಅಂಟಿಸಿದ್ದು. ಬಿಸಿಲಿನಿಂದ ಡಾಂಬರನ್ನು ಕಾಯುವುದು ಆ ಹರಳು.

ಆಲಿಕಲ್ಲು ಬಡಿದಾಗ ಹರಳು ಉದುರುತ್ತದೆ, ಒಳಗಿನ ಹಾಳೆ ಬಿರುಕು ಬಿಡುತ್ತದೆ. ಅಂದೇ ಮನೆಯೊಳಗೆ ನೀರು ಸೋರಬೇಕೆಂದೇನಿಲ್ಲ. ತೆರೆದುಕೊಂಡ ಡಾಂಬರು ಬಿಸಿಲಿಗೆ ಒಣಗಿ ಸೀಳಿ, ಒಂದೆರಡು ವರ್ಷ ಕಳೆದ ಮೇಲೆ ಸೋರಿಕೆ ಕಾಣಿಸಿಕೊಳ್ಳಬಹುದು. ಅಷ್ಟರಲ್ಲಿ ಕ್ಲೇಮ್ ಮಾಡುವ ಅವಧಿ ಮುಗಿದಿರುತ್ತದೆ. ಹೀಗಾಗಿ ‘ಸೋರ್ತಾ ಇಲ್ಲ, ಬಿಡು’ ಎಂದು ಸುಮ್ಮನಿದ್ದುಬಿಡುವುದು ಅಪಾಯದ ಲೆಕ್ಕಾಚಾರ. ಗಾಳಿಯ ಹಾನಿ ಬೇರೆ ಥರ. ಶಿಂಗಲ್‌ನ ಅಂಟು ಬಿಟ್ಟು ತುದಿ ಮೇಲೆದ್ದು ಮಡಚಿ, ಮತ್ತೆ ಕೂತುಕೊಳ್ಳುತ್ತದೆ. ಕೆಳಗಿನಿಂದ ನೋಡಿದರೆ ಎಲ್ಲ ಸರಿ ಇದ್ದಂತೆಯೇ ಇರುತ್ತದೆ, ಮಡಿಕೆ ಬಿದ್ದ ಗೆರೆ ಹತ್ತಿರದಿಂದ ಮಾತ್ರ ಕಾಣುತ್ತದೆ.

ಅಳತೆಯ ಒಂದು ಪದ ತಿಳಿದಿರಲಿ: ‘ಸ್ಕ್ವೇರ್’. 100 ಚದರ ಅಡಿ ಚಾವಣಿಗೆ 1 ಸ್ಕ್ವೇರ್. ಎಲ್ಲ ಎಸ್ಟಿಮೇಟ್‌ಗಳೂ ಇದೇ ಲೆಕ್ಕದಲ್ಲಿ ಬರುತ್ತವೆ. ಸಾಮಾನ್ಯ ಶಿಂಗಲ್ ಆದರೆ 1 ಸ್ಕ್ವೇರ್‌ಗೆ 3 ಕಟ್ಟು ಬೇಕು.

ಪಾಲಿಸಿಯ ಮೊದಲ ಪುಟಗಳು

ಪಾಲಿಸಿಯ ಆರಂಭದಲ್ಲಿರುವ ಡಿಕ್ಲರೇಷನ್ಸ್ ಪೇಜ್ ತೆಗೆದು ನಾಲ್ಕು ಸಂಗತಿ ನೋಡಿ. ಮಳೆ ಬರುವ ಮೊದಲೇ ನೋಡಿದರೆ ಇನ್ನೂ ಒಳ್ಳೆಯದು, ಏಕೆಂದರೆ ಮಳೆ ಬಂದ ಮೇಲೆ ಇದರಲ್ಲಿ ಒಂದನ್ನೂ ಬದಲಾಯಿಸಲಾಗದು.

ಮೊದಲನೆಯದು ಕವರೇಜ್ ಎ, ಅಂದರೆ ಮನೆಯ ಕಟ್ಟಡವನ್ನು ಮತ್ತೆ ಕಟ್ಟಲು ಕಂಪನಿ ಒಪ್ಪಿರುವ ಮೊತ್ತ. ಎರಡನೆಯದು ಗಾಳಿ ಮತ್ತು ಆಲಿಕಲ್ಲಿನ ಡಿಡಕ್ಟಿಬಲ್, ಅಂದರೆ ನಿಮ್ಮ ಜೇಬಿನಿಂದ ಹೋಗಬೇಕಾದ ಪಾಲು. ಜನ ಹೆಚ್ಚು ಎಡವುವುದು ಇಲ್ಲೇ. ಟೆಕ್ಸಾಸ್‌ನಲ್ಲಿ ಇದು ಸಾಮಾನ್ಯವಾಗಿ ಕವರೇಜ್ ಎ ಮೊತ್ತದ ಶೇಕಡಾ 1 ಅಥವಾ 2. ‘ಶೇಕಡಾ 2’ ಎಂದರೆ ರಿಪೇರಿ ಬಿಲ್ಲಿನ ಶೇಕಡಾ 2 ಅಲ್ಲ. ಮನೆಯ ಕವರೇಜ್ 4.5 ಲಕ್ಷ ಡಾಲರ್ ಇದ್ದರೆ ಡಿಡಕ್ಟಿಬಲ್ 9,000 ಡಾಲರ್.

ಮೂರನೆಯದು ಚಾವಣಿಗೆ ಹಣ ಕೊಡುವ ರೀತಿ: ರಿಪ್ಲೇಸ್‌ಮೆಂಟ್ ಕಾಸ್ಟ್ ಅಥವಾ ಆಕ್ಚುವಲ್ ಕ್ಯಾಶ್ ವ್ಯಾಲ್ಯೂ. ಊರಿನಲ್ಲಿ ಕಾರಿಗೆ ಜೀರೋ ಡೆಪ್ ಪಾಲಿಸಿ ಮಾಡಿಸಿದವರಿಗೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಜೀರೋ ಡೆಪ್ ಇದ್ದರೆ ಕಾರಿನ ಹೊಸ ಬಾಗಿಲಿನ ಪೂರ್ತಿ ಬೆಲೆ ಸಿಗುತ್ತದೆ, ಇಲ್ಲದಿದ್ದರೆ ಹಳೆಯದಾದಷ್ಟು ಕಡಿತ. ರಿಪ್ಲೇಸ್‌ಮೆಂಟ್ ಕಾಸ್ಟ್ ಮೊದಲನೆಯ ಥರ, ಕ್ಯಾಶ್ ವ್ಯಾಲ್ಯೂ ಎರಡನೆಯ ಥರ. ಮನೆಗೆಲ್ಲ ರಿಪ್ಲೇಸ್‌ಮೆಂಟ್ ಕಾಸ್ಟ್ ಎಂದು ಬರೆದು, ಹಿಂದಿನ ಯಾವುದೋ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಸೇರಿಸಿದ ತಿದ್ದುಪಡಿ) ಪುಟದಲ್ಲಿ ಚಾವಣಿಗೆ ಮಾತ್ರ ಕ್ಯಾಶ್ ವ್ಯಾಲ್ಯೂ ಎಂದು ತಿದ್ದಿರುವ ಪಾಲಿಸಿಗಳಿವೆ. ಕೆಲವದರಲ್ಲಿ ‘ರೂಫ್ ಪೇಮೆಂಟ್ ಶೆಡ್ಯೂಲ್’ ಎಂಬ ಕೋಷ್ಟಕವೇ ಇರುತ್ತದೆ. ಚಾವಣಿಗೆ ಎಷ್ಟು ವರ್ಷವಾಗಿದ್ದರೆ ಶೇಕಡಾ ಎಷ್ಟು ಕೊಡುತ್ತೇವೆ ಎಂದು ಅದು ಹೇಳುತ್ತದೆ. ವರ್ಷದ ಕಂತು ಸ್ವಲ್ಪ ಕಡಿಮೆ ಮಾಡಿಸುವ ಭರದಲ್ಲಿ ಈ ಪುಟಕ್ಕೆ ಒಪ್ಪಿಗೆ ಕೊಟ್ಟವರು ಕ್ಲೇಮ್ ದಿನ ದೊಡ್ಡ ಬೆಲೆ ತೆರುತ್ತಾರೆ.

ನಾಲ್ಕನೆಯದು ‘ಕಾಸ್ಮೆಟಿಕ್ ಡ್ಯಾಮೇಜ್’ ಹೊರಗಿಡುವ ಕಲಮು. ಲೋಹದ ಚಾವಣಿ ಇರುವವರಿಗೆ ಇದು ಮುಖ್ಯ. ತಗಡು ಗುಂಡಿ ಬಿದ್ದು ಅಂದಗೆಟ್ಟರೂ ನೀರು ತಡೆಯುವ ಕೆಲಸ ಮಾಡುತ್ತಿದ್ದರೆ ಹಣವಿಲ್ಲ.

ಗ್ಯಾಲ್ವೆಸ್ಟನ್, ಕಾರ್ಪಸ್ ಕ್ರಿಸ್ಟಿಯಂಥ ಕಡಲ ತೀರದಲ್ಲಿದ್ದವರಿಗೆ ಒಂದು ಮಾತು: ಅಲ್ಲಿನ ಸಾಮಾನ್ಯ ಪಾಲಿಸಿಗಳಲ್ಲಿ ಗಾಳಿ, ಆಲಿಕಲ್ಲಿನ ರಕ್ಷಣೆಯನ್ನು ಹೆಚ್ಚಾಗಿ ಹೊರಗಿಟ್ಟಿರುತ್ತಾರೆ. ತೀರದ 14 ಕೌಂಟಿಗಳಿಗೂ ಹ್ಯಾರಿಸ್ ಕೌಂಟಿಯ ಒಂದು ಭಾಗಕ್ಕೂ ಟೆಕ್ಸಾಸ್ ವಿಂಡ್‌ಸ್ಟಾರ್ಮ್ ಇನ್ಶೂರೆನ್ಸ್ ಅಸೋಸಿಯೇಷನ್‌ನಿಂದ ಪ್ರತ್ಯೇಕ ಪಾಲಿಸಿ ಸಿಗುತ್ತದೆ, ಅದರ ನಿಯಮಗಳೂ ಪ್ರತ್ಯೇಕ.

ಲೆಕ್ಕ ಬಿಡಿಸಿ ನೋಡಿದರೆ

ಉದಾಹರಣೆಗೆ 30 ಸ್ಕ್ವೇರ್ ಚಾವಣಿ, 10 ವರ್ಷ ಹಳೆಯದು. ಹೊಸದು ಹಾಕಿಸಲು 21,000 ಡಾಲರ್ ಎಂದು ಕಂಪನಿ ಕಳಿಸಿದ ಅಡ್ಜಸ್ಟರ್ ಎಸ್ಟಿಮೇಟ್ ಮಾಡಿದರು ಎಂದುಕೊಳ್ಳಿ. ಶಿಂಗಲ್‌ನ ಆಯುಷ್ಯ 25 ವರ್ಷ ಎಂದು ಹಿಡಿದರೆ ಸವಕಳಿ ಶೇಕಡಾ 40, ಅಂದರೆ 8,400 ಡಾಲರ್. ಉಳಿದ 12,600 ಡಾಲರ್ ಕ್ಯಾಶ್ ವ್ಯಾಲ್ಯೂ.

ರಿಪ್ಲೇಸ್‌ಮೆಂಟ್ ಕಾಸ್ಟ್ ಪಾಲಿಸಿಯಲ್ಲಿ ಮೊದಲ ಚೆಕ್ 12,600ರಲ್ಲಿ ಮೇಲೆ ಹೇಳಿದ ಡಿಡಕ್ಟಿಬಲ್ 9,000 ಕಳೆದು 3,600 ಡಾಲರ್. ಚಾವಣಿ ಹಾಕಿಸಿ ಮುಗಿಸಿದ ದಾಖಲೆ ಕೊಟ್ಟ ಮೇಲೆ ತಡೆಹಿಡಿದಿದ್ದ 8,400 ಎರಡನೆಯ ಚೆಕ್ಕಾಗಿ ಬರುತ್ತದೆ. ಒಟ್ಟು 12,000, ನಿಮ್ಮ ಪಾಲು 9,000. ಇದೇ ಹಾನಿಗೆ ಕ್ಯಾಶ್ ವ್ಯಾಲ್ಯೂ ಪಾಲಿಸಿ ಇದ್ದವರಿಗೆ ಸಿಗುವುದು ಆ 3,600 ಮಾತ್ರ. 17,400 ಡಾಲರ್ ಅವರ ತಲೆಯ ಮೇಲೆ.

ಮೊದಲ ಚೆಕ್ ಇಷ್ಟು ಚಿಕ್ಕದೇ ಎಂದು ಗಾಬರಿಯಾಗಿ ‘ಕಂಪನಿ ಮೋಸ ಮಾಡಿತು’ ಎನ್ನುವವರು ಮೊದಲು ಎಸ್ಟಿಮೇಟ್‌ನಲ್ಲಿ ‘ರಿಕವರಬಲ್ ಡಿಪ್ರಿಸಿಯೇಷನ್’ ಎಂಬ ಸಾಲನ್ನು ಹುಡುಕಬೇಕು. ಅದು ಮುಂದೆ ಬರಬೇಕಾದ ಹಣ. ‘ನಾನ್ ರಿಕವರಬಲ್’ ಎಂದಿದ್ದರೆ ಬರುವುದಿಲ್ಲ.

ಮಳೆ ನಿಂತ ಮೇಲೆ

ಮೇಲೆ ಹತ್ತಬೇಡಿ. ಒದ್ದೆ ಶಿಂಗಲ್ ಮೇಲೆ ಸಡಿಲವಾದ ಹರಳು ಕಾಲಡಿ ಗೋಲಿಯಂತೆ ಉರುಳುತ್ತದೆ, ಜೊತೆಗೆ ನಿಮ್ಮ ಚಪ್ಪಲಿಯ ಗುರುತೇ ನಾಳೆ ವಾದಕ್ಕೆ ಕಾರಣವಾಗುತ್ತದೆ. ನೆಲದಲ್ಲಿ ನಿಂತೇ ಸಾಕಷ್ಟು ಸಾಕ್ಷ್ಯ ಸಿಗುತ್ತದೆ. ಕರಗುವ ಮುನ್ನ ಆಲಿಕಲ್ಲಿನ ಪಕ್ಕ ಕ್ವಾರ್ಟರ್ ನಾಣ್ಯವಿಟ್ಟು ಫೋಟೊ ತೆಗೆಯಿರಿ. ಆ ನಾಣ್ಯ ಹತ್ತಿರಹತ್ತಿರ 1 ಇಂಚು, ನ್ಯಾಷನಲ್ ವೆದರ್ ಸರ್ವಿಸ್ ‘ತೀವ್ರ’ ಎಂದು ಕರೆಯುವ ಆಲಿಕಲ್ಲಿನ ಗಾತ್ರವೂ 1 ಇಂಚಿನಿಂದ ಶುರು. ಆಮೇಲೆ ಮೆದು ಲೋಹಗಳನ್ನು ನೋಡಿ: ಚಾವಣಿಯ ಅಂಚಿನ ಗಟರ್, ಅದರ ಇಳಿಗೊಳವೆ, ಹೊರಗಿನ ಎಸಿ ಯಂತ್ರದ ತೆಳು ರೆಕ್ಕೆಗಳು, ಗರಾಜ್ ಬಾಗಿಲು, ಮೇಲ್‌ಬಾಕ್ಸ್. ಕಿಟಕಿಯ ಜಾಲರಿ ಹರಿದಿದ್ದರೆ ಅದೂ ಫೋಟೊದಲ್ಲಿರಲಿ. ಶಿಂಗಲ್ ಮೇಲಿನ ಗುರುತು ಆಲಿಕಲ್ಲಿನದೋ ಬೇರೆಯದೋ ಎಂಬ ಪ್ರಶ್ನೆ ಎದ್ದಾಗ ಅದೇ ದಿಕ್ಕಿನ ಗಟರ್ ಮೇಲಿನ ಗುಂಡಿಗಳು ನಿಮ್ಮ ಪರ ಮಾತಾಡುತ್ತವೆ.

ಯಾವ ತಾರೀಕಿನ ಮಳೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ಕ್ಲೇಮ್‌ಗೆ ‘ಡೇಟ್ ಆಫ್ ಲಾಸ್’ ಬೇಕೇ ಬೇಕು. ಒಂದೇ ವಸಂತದಲ್ಲಿ ಮೂರು ಸಲ ಆಲಿಕಲ್ಲು ಬಿದ್ದು, ತಪ್ಪು ದಿನ ಹೇಳಿದರೆ ಹವಾಮಾನ ದಾಖಲೆ ನೋಡಿ ‘ಅಂದು ಅಲ್ಲಿ ಆಲಿಕಲ್ಲೇ ಬಿದ್ದಿಲ್ಲ’ ಎಂದು ತಿರಸ್ಕರಿಸುತ್ತಾರೆ. ಆ ದಿನ ಜಾರಿಯಲ್ಲಿದ್ದ ಪಾಲಿಸಿಯೇ ಅನ್ವಯವಾಗುತ್ತದೆ, ಇತ್ತೀಚೆಗೆ ಕಂಪನಿ ಬದಲಿಸಿದವರಿಗೆ ಇದು ಇನ್ನೂ ಮುಖ್ಯ.

ನೀರು ಒಳಗೆ ಬರುತ್ತಿದ್ದರೆ ಟಾರ್ಪಾಲು ಹಾಕಿಸಿ ರಸೀದಿ ಇಟ್ಟುಕೊಳ್ಳಿ. ಹಾನಿ ಹೆಚ್ಚದಂತೆ ನೋಡಿಕೊಳ್ಳುವುದು ಪಾಲಿಸಿಯ ಪ್ರಕಾರ ನಿಮ್ಮ ಹೊಣೆ, ಅದಕ್ಕಾದ ನ್ಯಾಯವಾದ ಖರ್ಚನ್ನು ಕ್ಲೇಮ್‌ಗೆ ಸೇರಿಸಬಹುದು. ಅಡ್ಜಸ್ಟರ್ ನೋಡುವ ಮೊದಲೇ ಪೂರ್ತಿ ಚಾವಣಿ ಕಿತ್ತುಹಾಕಿಸಬೇಡಿ.

ಕ್ಲೇಮ್ ಹಾಕುವ ಮೊದಲು ಊರಿನ ನಂಬಿಕಸ್ಥ ರೂಫರ್ ಒಬ್ಬರಿಂದ ತಪಾಸಣೆ ಮಾಡಿಸುವುದು ಒಳ್ಳೆಯದು. ಕಾರಣ ಇದೆ. ಹಾನಿ ನಿಮ್ಮ ಡಿಡಕ್ಟಿಬಲ್‌ಗಿಂತ ಕಡಿಮೆಯಿದ್ದರೆ ಒಂದು ಡಾಲರೂ ಬರುವುದಿಲ್ಲ, ಆದರೆ ಕ್ಲೇಮ್ ಹಾಕಿದ ದಾಖಲೆ ‘ಕ್ಲೂ’ ಎಂಬ ವರದಿಯಲ್ಲಿ 7 ವರ್ಷದವರೆಗೆ ಉಳಿಯಬಹುದು. ಮುಂದೆ ಪಾಲಿಸಿ ಕೊಡುವ ಕಂಪನಿಗಳು ಅದನ್ನು ನೋಡುತ್ತವೆ. ಹಾಗೆಂದು ಬಹಳ ತಡ ಮಾಡುವಂತಿಲ್ಲ. ಆಲಿಕಲ್ಲು, ಗಾಳಿಯ ಕ್ಲೇಮ್‌ಗೆ ಹಲವು ಪಾಲಿಸಿಗಳಲ್ಲಿ 1 ವರ್ಷದ ಗಡುವು ಇರುತ್ತದೆ, ಹಾನಿ ತಿಳಿದೂ ತಡ ಮಾಡಿದರೆ ಅದನ್ನೇ ಕಾರಣ ಮಾಡಬಹುದು.

ಅಡ್ಜಸ್ಟರ್ ಮೇಲೆ ಹತ್ತಿದಾಗ

ಕಂಪನಿಯ ಪರವಾಗಿ ಹಾನಿ ಅಳೆಯುವವರು ಅಡ್ಜಸ್ಟರ್. ಅವರು ಚಾವಣಿಯ ಪ್ರತಿ ಇಳಿಜಾರಿನಲ್ಲೂ 10 ಅಡಿಗೆ 10 ಅಡಿಯ ಚೌಕವನ್ನು ಸೀಮೆಸುಣ್ಣದಲ್ಲಿ ಎಳೆದು, ಒಳಗಿನ ಏಟುಗಳಿಗೆ ಸುತ್ತು ಹಾಕಿ ಎಣಿಸುತ್ತಾರೆ. ಇಂತಿಷ್ಟು ಏಟು ಇದ್ದರೆ ಆ ಇಳಿಜಾರನ್ನು ಪೂರ್ತಿ ಬದಲಾಯಿಸುವುದು, ಕಡಿಮೆ ಇದ್ದರೆ ರಿಪೇರಿ ಎಂಬುದು ಪದ್ಧತಿ. ಆ ಸಂಖ್ಯೆ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಪಾಲಿಸಿಯಲ್ಲಿ ಬರೆದಿರುವುದಿಲ್ಲ. ಆಲಿಕಲ್ಲು ಗಾಳಿಯ ಜೊತೆ ಓರೆಯಾಗಿ ಬೀಳುವುದರಿಂದ ಒಂದು ದಿಕ್ಕಿನ ಇಳಿಜಾರು ಪೂರ್ತಿ ಹಾಳಾಗಿ ಎದುರಿನದು ಚೆನ್ನಾಗಿರುವುದೂ ಉಂಟು.

ಹತ್ತಿರದಿಂದ ನೋಡಿದರೆ ಹೊಸ ಆಲಿಕಲ್ಲಿನ ಏಟು ಹೀಗಿರುತ್ತದೆ: ಹರಳು ಉದುರಿ ಕಪ್ಪು ಡಾಂಬರು ಹೊಳೆಯುತ್ತಿರುತ್ತದೆ, ಬೆರಳಿನಿಂದ ಒತ್ತಿದರೆ ಪೆಟ್ಟು ಬಿದ್ದ ಸೇಬಿನ ಹಾಗೆ ಮೆತ್ತಗಿರುತ್ತದೆ, ಏಟುಗಳಿಗೆ ಸಾಲು ಕ್ರಮ ಇರುವುದಿಲ್ಲ. ಡಾಂಬರಿನೊಳಗಿನ ಆವಿ ಉಬ್ಬಿ ಒಡೆದ ಗುಳ್ಳೆಗಳು ಇದಕ್ಕೆ ಹೋಲುತ್ತವೆ. ಅವುಗಳ ಗುಂಡಿಯ ಅಂಚು ಚೂಪಾಗಿರುತ್ತದೆ, ಒತ್ತಿದರೆ ಗಟ್ಟಿ. ಅದಕ್ಕೆ ಹಣವಿಲ್ಲ. ವಯಸ್ಸಾಗಿ ಹರಳು ಉದುರಿದ್ದು, ಕಾಲ್ತುಳಿತದ ಗೀರು, ಮೊಳೆ ಸರಿಯಾಗಿ ಹೊಡೆಯದ ದೋಷ, ಯಾವುದಕ್ಕೂ ಇಲ್ಲ. ಪಾಲಿಸಿ ಕಾಯುವುದು ಬಿರುಗಾಳಿ, ಆಲಿಕಲ್ಲಿನಂಥ ಹಠಾತ್ ಹಾನಿಯಿಂದ, ಸವೆತದಿಂದ ಅಲ್ಲ.

ತಪಾಸಣೆಯ ದಿನ ನಿಮ್ಮ ರೂಫರ್ ಅಲ್ಲಿರಲಿ. ಕಂಡ ಏಟುಗಳನ್ನು ಅವರು ತೋರಿಸಬಹುದು, ಅಳತೆ, ಬೆಲೆಯ ವಿವರ ಕೊಡಬಹುದು. ಅಲ್ಲಿಗೆ ಅವರ ಅಧಿಕಾರ ಮುಗಿಯಿತು. ತಾನೇ ಕೆಲಸ ಮಾಡುವ ಮನೆಯ ಕ್ಲೇಮ್ ಬಗ್ಗೆ ಮನೆಯವರ ಪರವಾಗಿ ಕಂಪನಿಯ ಜೊತೆ ಚೌಕಾಸಿ ಮಾಡಲು ಟೆಕ್ಸಾಸ್ ಕಾನೂನು ರೂಫರ್‌ಗೆ ಬಿಡುವುದಿಲ್ಲ. ‘ಕ್ಲೇಮ್ ಪೂರ್ತಿ ನಮಗೆ ಬಿಡಿ’ ಎನ್ನುವವರಿಂದ ದೂರವಿರಿ.

ಎಸ್ಟಿಮೇಟ್‌ನಲ್ಲಿ ಬಿಟ್ಟುಹೋಗುವ ಸಾಲುಗಳು

ಎಸ್ಟಿಮೇಟ್ ಹೆಚ್ಚಾಗಿ ಎಕ್ಸಾಕ್ಟಿಮೇಟ್ ಎಂಬ ಸಾಫ್ಟ್‌ವೇರ್‌ನಲ್ಲಿ ತಯಾರಾಗಿರುತ್ತದೆ. ಒಂದೊಂದು ಕೆಲಸಕ್ಕೆ ಒಂದೊಂದು ಸಾಲು, ಪ್ರಮಾಣ, ದರ. ಒಟ್ಟು ಮೊತ್ತ ಮಾತ್ರ ನೋಡಿ ಮಡಚಿಡಬೇಡಿ, ಏಕೆಂದರೆ ಹಣ ಕಡಿಮೆಯಾಗುವುದು ಹೆಚ್ಚಾಗಿ ಸಾಲುಗಳು ಬಿಟ್ಟುಹೋಗಿರುವುದರಿಂದ.

ಅಂಚಿನ ಮೊದಲ ಸಾಲಿಗೆ ಹಾಕುವ ಸ್ಟಾರ್ಟರ್, ನೆತ್ತಿಯ ಮೇಲಿನ ರಿಡ್ಜ್ ಕ್ಯಾಪ್, ಪೈಪುಗಳ ಸುತ್ತಲಿನ ರಬ್ಬರ್ ಬೂಟು, ಗೋಡೆ ಮತ್ತು ಚಾವಣಿ ಸೇರುವಲ್ಲಿನ ಫ್ಲಾಷಿಂಗ್ ತಗಡು, ಎರಡು ಇಳಿಜಾರು ಸೇರುವ ಕಣಿವೆಯ ಜಾಗಕ್ಕೆ ಅಂಟುವ ಪದರ, ಅಂಚಿನ ತಗಡಾದ ಡ್ರಿಪ್ ಎಡ್ಜ್ ಇವೆಯೇ ನೋಡಿ. ಕತ್ತರಿಸುವಾಗ ಹಾಳಾಗುವ ಶಿಂಗಲ್‌ಗೆ ಸಾಮಾನ್ಯವಾಗಿ ಶೇಕಡಾ 10ರಿಂದ 15 ಹೆಚ್ಚುವರಿ ಸೇರಿಸುತ್ತಾರೆ, ಮೂಲೆ ಮಡಿಕೆ ಹೆಚ್ಚಿರುವ ಚಾವಣಿಗೆ ಇನ್ನೂ ಹೆಚ್ಚು ಬೇಕಾಗಬಹುದು. ಇಳಿಜಾರು 12 ಇಂಚಿಗೆ 7 ಇಂಚು ಅಥವಾ ಅದಕ್ಕಿಂತ ಕಡಿದಾಗಿದ್ದರೆ ‘ಸ್ಟೀಪ್’ ದರ ಬೇರೆ, ಎರಡನೇ ಮಹಡಿಯದ್ದಾದರೆ ಎತ್ತರದ ದರ ಬೇರೆ. ಸೋಲಾರ್ ಪ್ಯಾನೆಲ್ ಇದ್ದರೆ ಬಿಚ್ಚಿ ಮತ್ತೆ ಕೂರಿಸುವ ಖರ್ಚು ಸಾವಿರಾರು ಡಾಲರ್ ಆಗುತ್ತದೆ, ಅದು ಬಿಟ್ಟುಹೋದರೆ ದೊಡ್ಡ ಪೆಟ್ಟು.

ಡ್ರಿಪ್ ಎಡ್ಜ್ ಕಥೆ ಸ್ವಲ್ಪ ಬೇರೆ. ಹಳೆಯ ಮನೆಗಳಲ್ಲಿ ಇದು ಇರುವುದೇ ಇಲ್ಲ. ಇಲ್ಲದ್ದಕ್ಕೆ ಹಣ ಏಕೆ ಎಂದು ಕಂಪನಿ ಕೇಳುತ್ತದೆ. ಈಗ ಚಾಲ್ತಿಯಲ್ಲಿರುವ ಕಟ್ಟಡ ಸಂಹಿತೆ ಶಿಂಗಲ್ ಚಾವಣಿಗೆ ಅದನ್ನು ಕಡ್ಡಾಯ ಮಾಡಿದೆ. ಹೀಗೆ ಸಂಹಿತೆಯ ಕಾರಣಕ್ಕೆ ಹೆಚ್ಚಾಗುವ ಖರ್ಚನ್ನು ಕೊಡುವುದು ಪಾಲಿಸಿಯ ‘ಆರ್ಡಿನೆನ್ಸ್ ಆರ್ ಲಾ’ ಎಂಬ ಭಾಗ. ಅದು ನಿಮ್ಮ ಪಾಲಿಸಿಯಲ್ಲಿದ್ದರೆ, ನಗರಸಭೆ ಒಪ್ಪಿರುವ ಸಂಹಿತೆಯ ಸಂಬಂಧಪಟ್ಟ ಕಲಮನ್ನು ರೂಫರ್ ಎಸ್ಟಿಮೇಟ್ ಜೊತೆ ಲಗತ್ತಿಸಿ ಕೇಳಿ.

ಬಿಟ್ಟುಹೋದದ್ದನ್ನು ಕೇಳುವ ಅರ್ಜಿಗೆ ‘ಸಪ್ಲಿಮೆಂಟ್’ ಎನ್ನುತ್ತಾರೆ. ಫೋಟೊ, ಅಳತೆ, ಸಾಲಿನ ಹೆಸರು ಕೊಟ್ಟು ಇಮೇಲ್ ಮಾಡಿ. ‘ನಮ್ಮ ರೂಫರ್ ಜಾಸ್ತಿ ಹೇಳ್ತಿದ್ದಾರೆ’ ಎಂದು ಫೋನಿನಲ್ಲಿ ಹೇಳಿದರೆ ಯಾವ ಫೈಲೂ ಮುಂದಕ್ಕೆ ಹೋಗುವುದಿಲ್ಲ. ಹಳೆಯದನ್ನು ಕಿತ್ತಾಗ ಕಾಣುವ ಕೊಳೆತ ಡೆಕಿಂಗ್‌ಗೆ ಸಾಮಾನ್ಯವಾಗಿ ಇನ್ಶೂರೆನ್ಸ್ ಕೊಡುವುದಿಲ್ಲ, ಆದ್ದರಿಂದ ಒಂದು ಹಲಗೆಗೆ ಎಷ್ಟು ಎಂದು ರೂಫರ್ ಒಪ್ಪಂದದಲ್ಲೇ ಬರೆಸಿಕೊಳ್ಳಿ.

ಚೆಕ್ ಮೇಲೆ ಬ್ಯಾಂಕಿನ ಹೆಸರು

ಮನೆಸಾಲ ಇದ್ದರೆ ಚೆಕ್ ನಿಮ್ಮ ಮತ್ತು ಸಾಲ ಕೊಟ್ಟ ಕಂಪನಿಯ ಜಂಟಿ ಹೆಸರಿನಲ್ಲಿ ಬರುವುದು ಸಾಮಾನ್ಯ, ಏಕೆಂದರೆ ಮನೆ ಅವರಿಗೂ ಅಡಮಾನ. ನೀವೊಬ್ಬರೇ ಅದನ್ನು ಜಮಾ ಮಾಡಲಾಗದು. ಸಾಲದ ಕಂಪನಿಯ ‘ಲಾಸ್ ಡ್ರಾಫ್ಟ್’ ವಿಭಾಗಕ್ಕೆ ಫೋನ್ ಮಾಡಿ, ಸಣ್ಣ ಮೊತ್ತವಾದರೆ ಸಹಿ ಹಾಕಿ ವಾಪಸ್ ಕೊಡುತ್ತಾರೆಯೇ, ದೊಡ್ಡದಾದರೆ ತಮ್ಮಲ್ಲೇ ಇಟ್ಟುಕೊಂಡು ಕೆಲಸ ಸಾಗಿದಂತೆ ಕಂತಿನಲ್ಲಿ ಬಿಡುತ್ತಾರೆಯೇ ಎಂದು ಕೇಳಿ. ಅಡ್ಜಸ್ಟರ್‌ನ ಎಸ್ಟಿಮೇಟ್, ರೂಫರ್ ಒಪ್ಪಂದ, ರೂಫರ್‌ನ ತೆರಿಗೆ ಫಾರಂ ಅವರು ಕೇಳುವ ಸಾಮಾನ್ಯ ಕಾಗದಗಳು. ಇದಕ್ಕೆ ವಾರಗಳು ಹಿಡಿಯುತ್ತವೆ. ರೂಫರ್‌ಗೆ ಹಣ ಕೊಡುವ ದಿನಾಂಕ ಗೊತ್ತು ಮಾಡುವ ಮುಂಚೆಯೇ ಈ ಫೋನ್ ಮಾಡಿ.

ಕೆಲಸ ಮುಗಿದ ಮೇಲೆ ಅಂತಿಮ ಇನ್‌ವಾಯ್ಸ್, ಕೆಲಸ ಪೂರ್ಣಗೊಂಡ ಪತ್ರ, ಫೋಟೊ ಕಳಿಸಿದರೆ ಸವಕಳಿಯ ಹಣ ಬಿಡುಗಡೆಯಾಗುತ್ತದೆ. ಇದಕ್ಕೂ ಗಡುವಿದೆ, ಪಾಲಿಸಿಯಲ್ಲಿ ಬರೆದಿರುತ್ತದೆ. ಅಂತಿಮ ಬಿಲ್ ಎಸ್ಟಿಮೇಟ್‌ಗಿಂತ ಕಡಿಮೆಯಾಗಿದ್ದರೆ ಆ ಕಡಿಮೆ ಮೊತ್ತದವರೆಗೆ ಮಾತ್ರ ಕೊಡುತ್ತಾರೆ. ಉಳಿದ ಹಣ ನಿಮಗೆ ಎಂಬ ಮಾತಿಲ್ಲ.

‘ಡಿಡಕ್ಟಿಬಲ್ ನಾವೇ ನೋಡ್ಕೋತೀವಿ’

ಬಾಗಿಲಿಗೆ ಬಂದವರು ಕೊಡುವ ಅತಿ ದೊಡ್ಡ ಆಮಿಷ ಇದು. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಟೆಕ್ಸಾಸ್ ಕಾನೂನಿನ ಪ್ರಕಾರ ಡಿಡಕ್ಟಿಬಲ್ ಅನ್ನು ಮನೆಯವರೇ ಕೊಡಬೇಕು. ರೂಫರ್ ಅದನ್ನು ಮನ್ನಾ ಮಾಡುವುದು, ಬಿಲ್ ಉಬ್ಬಿಸಿ ಸರಿದೂಗಿಸುವುದು ಅಪರಾಧ. ಸವಕಳಿ ಹಣ ಬಿಡುವ ಮೊದಲು ನೀವು ಡಿಡಕ್ಟಿಬಲ್ ಕೊಟ್ಟಿರುವುದಕ್ಕೆ ಪುರಾವೆ ಕೇಳುವ ಹಕ್ಕು ಇನ್ಶೂರೆನ್ಸ್ ಕಂಪನಿಗಿದೆ. ನಗದಾದ ಚೆಕ್, ಕಾರ್ಡ್ ಸ್ಟೇಟ್‌ಮೆಂಟ್ ಸಾಕು, ಕಂತಿನಲ್ಲಿ ಕೊಡುವ ಲಿಖಿತ ಒಪ್ಪಂದವೂ ನಡೆಯುತ್ತದೆ. 9,000 ಒಟ್ಟಿಗೆ ಕೊಡಲಾಗದವರಿಗೆ ಕಾನೂನುಬದ್ಧ ದಾರಿ ಈ ಕಂತಿನದೇ.

ಟೆಕ್ಸಾಸ್ ರಾಜ್ಯ ರೂಫರ್‌ಗಳಿಗೆ ಲೈಸೆನ್ಸ್ ಕೊಡುವುದಿಲ್ಲ. ಏಣಿ, ಟ್ರಕ್ ಇದ್ದವರೆಲ್ಲ ರೂಫರ್‌ಗಳೇ. ಹೀಗಾಗಿ ಊರಿನಲ್ಲಿ ಕಚೇರಿ ಇದೆಯೇ, ಲಯಬಿಲಿಟಿ ಇನ್ಶೂರೆನ್ಸ್ ಇದೆಯೇ ಎಂದು ನೋಡುವ ಕೆಲಸ ನಿಮ್ಮದು. ಆ ಇನ್ಶೂರೆನ್ಸ್‌ನ ಪತ್ರವನ್ನು ರೂಫರ್ ಕೈಯಿಂದ ಪಡೆಯುವ ಬದಲು ಅವರ ಏಜೆಂಟರಿಂದ ನೇರವಾಗಿ ತರಿಸಿಕೊಳ್ಳಿ. ‘ತಪಾಸಣೆಗೆ ಒಪ್ಪಿಗೆ’ ಎಂದು ಕೊಡುವ ಹಾಳೆ ಎಷ್ಟೋ ಸಲ ಕ್ಲೇಮ್ ಒಪ್ಪಿಗೆಯಾದರೆ ಕೆಲಸ ಅವರಿಗೇ ಎಂಬ ಒಪ್ಪಂದವಾಗಿರುತ್ತದೆ. ಮನೆಬಾಗಿಲಲ್ಲಿ ಸಹಿ ಮಾಡಿದ್ದನ್ನು ಸಾಮಾನ್ಯವಾಗಿ 3 ಕೆಲಸದ ದಿನಗಳೊಳಗೆ ಬರವಣಿಗೆಯಲ್ಲಿ ರದ್ದು ಮಾಡಬಹುದು.

ಕಂಪನಿ ಇಲ್ಲ ಅಂದರೆ

ಗಡುವುಗಳು ಕಂಪನಿಗೂ ಇವೆ. ಕ್ಲೇಮ್ ಬಂದ 15 ದಿನಗಳೊಳಗೆ ಸ್ವೀಕೃತಿ ಕೊಡಬೇಕು. ಕೇಳಿದ ಕಾಗದಗಳೆಲ್ಲ ಕೈಸೇರಿದ ಮೇಲೆ 15 ಕೆಲಸದ ದಿನಗಳೊಳಗೆ ಒಪ್ಪಿಗೆಯೋ ತಿರಸ್ಕಾರವೋ ತಿಳಿಸಬೇಕು. ಒಪ್ಪಿದ ಮೇಲೆ 5 ಕೆಲಸದ ದಿನಗಳಲ್ಲಿ ಹಣ. ದೊಡ್ಡ ಪ್ರಕೃತಿ ವಿಕೋಪದ ನಂತರ ಈ ಗಡುವುಗಳಿಗೆ 15 ದಿನ ಸೇರಬಹುದು. ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಲೇಬೇಕು.

ಆ ಪತ್ರ ಓದಿದರೆ ಮುಂದಿನ ದಾರಿ ತಿಳಿಯುತ್ತದೆ. ‘ಹಾನಿ ಕಂಡಿಲ್ಲ’ ಎಂದಿದ್ದರೆ ನಿಮ್ಮ ಫೋಟೊಗಳನ್ನು ಕೊಟ್ಟು ಬೇರೆ ಅಡ್ಜಸ್ಟರ್‌ನಿಂದ ಮರುತಪಾಸಣೆ ಕೇಳಿ. ಹಾನಿ ಒಪ್ಪಿ ಮೊತ್ತದಲ್ಲಿ ಮಾತ್ರ ಜಗಳವಿದ್ದರೆ ಪಾಲಿಸಿಯ ‘ಅಪ್ರೈಸಲ್’ ಕಲಮು ಉಪಯೋಗಕ್ಕೆ ಬರುತ್ತದೆ. ಹಾನಿಯ ಬೆಲೆ ಕಟ್ಟಲು ನಿಮ್ಮದೊಬ್ಬರು, ಕಂಪನಿಯದೊಬ್ಬರು ಅಪ್ರೈಸರ್, ಅವರು ಒಪ್ಪದಿದ್ದರೆ ನಡುವೆ ಅಂಪೈರ್. ನಿಮ್ಮ ಅಪ್ರೈಸರ್ ಶುಲ್ಕ ನಿಮ್ಮದು, ಅಂಪೈರ್‌ನದು ಅರ್ಧ. ಎರಡು ಸಾವಿರ ಡಾಲರ್ ವ್ಯತ್ಯಾಸಕ್ಕೆ ಈ ದಾರಿ ಹಿಡಿದರೆ ಗೆದ್ದರೂ ಕೈಯಲ್ಲಿ ಉಳಿಯುವುದು ಕಡಿಮೆ.

ನಿಮ್ಮ ಪರವಾಗಿ ವಾದಿಸುವ ಅಧಿಕಾರ ಇರುವವರು ಲೈಸೆನ್ಸ್ ಪಡೆದ ಪಬ್ಲಿಕ್ ಅಡ್ಜಸ್ಟರ್. ಟೆಕ್ಸಾಸ್‌ನಲ್ಲಿ ಅವರ ಕಮಿಷನ್ ಪರಿಹಾರದ ಶೇಕಡಾ 10 ಮೀರುವಂತಿಲ್ಲ. ಖರ್ಚಿಲ್ಲದ ದಾರಿ ಟೆಕ್ಸಾಸ್ ಡಿಪಾರ್ಟ್‌ಮೆಂಟ್ ಆಫ್ ಇನ್ಶೂರೆನ್ಸ್‌ಗೆ ದೂರು. ಅವರು ಕಂಪನಿಯಿಂದ ಉತ್ತರ ತರಿಸುತ್ತಾರೆ. ಹಾನಿ ಎಷ್ಟು ಎಂಬ ತೀರ್ಪು ಕೊಡುವುದಿಲ್ಲ, ಆದರೆ ತಿಂಗಳುಗಟ್ಟಲೆ ಮಲಗಿದ ಫೈಲನ್ನು ಎಬ್ಬಿಸಲು ಇದು ನೆರವಾಗುತ್ತದೆ. ಕೋರ್ಟಿಗೆ ಹೋಗುವುದಾದರೆ ಕನಿಷ್ಠ 61 ದಿನ ಮೊದಲು ಲಿಖಿತ ನೋಟಿಸ್ ಕೊಡಬೇಕು, ಅಲ್ಲಿಗೆ ವಕೀಲರು ಬೇಕೇ ಬೇಕು.

ಹೊಸದು ಹಾಕಿಸುವಾಗ

ಹೇಗೂ ಚಾವಣಿ ಬದಲಾಯಿಸುವಾಗ ಏಟು ತಡೆಯುವ ಶಕ್ತಿ ಹೆಚ್ಚಿರುವ ಕ್ಲಾಸ್ 4 ಶಿಂಗಲ್‌ನ ಬೆಲೆ ಕೇಳಿ ನೋಡಿ. ಯುಎಲ್ 2218 ಪರೀಕ್ಷೆಯಲ್ಲಿ 2 ಇಂಚಿನ ಉಕ್ಕಿನ ಗುಂಡನ್ನು 20 ಅಡಿ ಎತ್ತರದಿಂದ ಒಂದೇ ಜಾಗಕ್ಕೆ ಎರಡು ಸಲ ಬೀಳಿಸುತ್ತಾರೆ, ಬಿರುಕು ಬಿಡದಿದ್ದರೆ ಅದು ಕ್ಲಾಸ್ 4. ಸಾಮಾನ್ಯ ಶಿಂಗಲ್‌ಗಿಂತ ಹೆಚ್ಚಾಗುವ ಬೆಲೆಯನ್ನು ನೀವೇ ಕೊಡಬೇಕು. ಟೆಕ್ಸಾಸ್‌ನಲ್ಲಿ ಹಲವು ಕಂಪನಿಗಳು ಇದಕ್ಕೆ ಪ್ರೀಮಿಯಂನಲ್ಲಿ ರಿಯಾಯಿತಿ ಕೊಡುತ್ತವೆ. ಎಷ್ಟು ರಿಯಾಯಿತಿ, ಅದರ ಜೊತೆ ಕಾಸ್ಮೆಟಿಕ್ ಕಲಮಿಗೆ ಸಹಿ ಹಾಕಬೇಕೇ ಎಂಬ ಎರಡು ಪ್ರಶ್ನೆಗಳನ್ನು ಶಿಂಗಲ್ ಆರ್ಡರ್ ಮಾಡುವ ಮೊದಲೇ ಏಜೆಂಟರಿಗೆ ಕೇಳಿ. ರಿಯಾಯಿತಿಗೆ ಇನ್ಶೂರೆನ್ಸ್ ಇಲಾಖೆಯ ಪಿಸಿ068 ಎಂಬ ಫಾರಂ ಅನ್ನು ರೂಫರ್ ತುಂಬಿ ಸಹಿ ಮಾಡಿಕೊಡಬೇಕು. ಕೊನೆಯ ಕಂತಿನ ಹಣ ಕೊಡುವ ಮೊದಲೇ ಅದನ್ನು ಪಡೆದುಕೊಳ್ಳಿ, ಆಮೇಲೆ ರೂಫರ್ ಕೈಗೆ ಸಿಗುವುದು ಕಷ್ಟ. ಶಿಂಗಲ್ ಕಟ್ಟುಗಳನ್ನು ಟ್ರಕ್ಕಿನಿಂದ ಇಳಿಸಿದ ದಿನವೇ ಅವುಗಳ ಮೇಲೆ ಅಚ್ಚಾಗಿರುವ ಕ್ಲಾಸ್ 4 ಗುರುತಿನ ಫೋಟೊ ತೆಗೆದಿಡಿ. ಹಾಕಿ ಮುಗಿದ ಮೇಲೆ ಆ ಹೊದಿಕೆಗಳೆಲ್ಲ ಕಸದ ಡಂಪ್‌ಸ್ಟರ್ ಸೇರಿರುತ್ತವೆ.